ಧರಿಸುವ ಚಟುವಟಿಕೆ ಮಾಪಕಗಳು ಮತ್ತು ದಿನದ ಶಕ್ತಿವ್ಯಯ

ಧರಿಸುವ ಚಟುವಟಿಕೆ ಮಾಪಕವೆಂದರೆ ಮಣಿಕಟ್ಟು, ಸೊಂಟ, ತೋಳು ಇಲ್ಲವೇ ತೊಡೆಗೆ ಕಟ್ಟಿಕೊಂಡು ದೇಹದ ಚಲನೆಯನ್ನೂ ಹಲವು ಮಾದರಿಗಳಲ್ಲಿ ನಾಡಿಬಡಿತವನ್ನೂ ದಾಖಲಿಸುವ ಪುಟ್ಟ ಉಪಕರಣ. ಅಂಗಡಿಗಳಲ್ಲಿ ಫಿಟ್‌ನೆಸ್ ಬ್ಯಾಂಡ್, ಸ್ಮಾರ್ಟ್‌ವಾಚ್ ಎಂಬ ಹೆಸರಿನಲ್ಲಿ ಸಿಗುವುದೂ ಸಂಶೋಧಕರು ಬಳಸುವ ಆಕ್ಟಿಗ್ರಾಫ್‌ನಂಥದ್ದೂ ಇದೇ ಕುಲದವು. ಹೆಜ್ಜೆ ಎಣಿಸಿ, ನಿದ್ರೆಯ ಲೆಕ್ಕವಿಟ್ಟು, ದಿನದ ಕೊನೆಗೆ ಇವು ಒಂದು ಅಂಕಿಯನ್ನು ಮುಂದಿಡುತ್ತವೆ: ಇಂದು ಇಷ್ಟು ಕ್ಯಾಲರಿ ಖರ್ಚಾಯಿತು. ಆ ಅಂಕಿ ಎಲ್ಲಿಂದ ಬರುತ್ತದೆ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು, ಭಾರತೀಯರ ಮೈಕಟ್ಟಿಗೆ ಅದು ಎಷ್ಟು ಒಗ್ಗುತ್ತದೆ ಎಂಬುದನ್ನು ಹೈದರಾಬಾದ್, ಬೆಂಗಳೂರು ಮತ್ತು ಮೈಸೂರುಗಳಲ್ಲಿ ನಡೆದ ಕೆಲಸದ ಹಿನ್ನೆಲೆಯಲ್ಲಿ ಇಲ್ಲಿ ನೋಡಲಾಗಿದೆ.

ಉದಾಹರಣೆಗಳಿಗೆ ಹೈದರಾಬಾದಿನ ಪೂರ್ವಭಾಗದ ದಿಲ್‌ಸುಖ್‌ನಗರ ಒಳ್ಳೆಯ ನೆಲೆ. ಕೋಚಿಂಗ್ ಸೆಂಟರ್‌ಗಳಿಗೂ ಹಾಸ್ಟೆಲ್‌ಗಳಿಗೂ ಹೆಸರಾದ ಬಡಾವಣೆಯಿದು. ಬೆಳಗಿನಿಂದ ರಾತ್ರಿಯವರೆಗೆ ಕೂತು ಓದುವ ಹುಡುಗ ಹುಡುಗಿಯರು, ಪೊಲೀಸ್ ನೇಮಕಾತಿಯ ಓಟಕ್ಕೆ ತಯಾರಾಗುವವರು, ರಸ್ತೆಬದಿಯಲ್ಲಿ ದಿನವಿಡೀ ನಿಂತು ಬಟ್ಟೆ ಮಾರುವವರು, ಹಣ್ಣಿನ ತಳ್ಳುಗಾಡಿಯವರು, ಮೂಟೆ ಹೊರುವವರು ಎಲ್ಲರೂ ಇಲ್ಲಿ ಒಂದೇ ಬೀದಿಯಲ್ಲಿ ಸಿಗುತ್ತಾರೆ. ಅಮೀರ್‌ಪೇಟೆಯಿಂದ ಎಲ್.ಬಿ. ನಗರದವರೆಗಿನ ಮೆಟ್ರೊ ಮಾರ್ಗ 2018ರ ಸೆಪ್ಟೆಂಬರ್ 24ರಂದು ತೆರೆದ ಮೇಲೆ ನಿಲ್ದಾಣದ ಮೆಟ್ಟಿಲು ಹತ್ತುವುದೂ ಇವರ ದಿನಚರಿಗೆ ಸೇರಿಕೊಂಡಿದೆ. ಭಾರತೀಯರಿಗೆ ದಿನಕ್ಕೆ ಎಷ್ಟು ಶಕ್ತಿ ಬೇಕು ಎಂದು ಹೇಳುವ ಅಧಿಕೃತ ಕೋಷ್ಟಕವನ್ನು ಹೊರತರುವ ರಾಷ್ಟ್ರೀಯ ಪೋಷಣಾ ಸಂಸ್ಥೆ ಇರುವುದೂ ಇದೇ ನಗರದ ತಾರ್ನಾಕದಲ್ಲಿ.

ಶಕ್ತಿ ಖರ್ಚಾಗುವ ಬಗೆ

ದಿನದ ಒಟ್ಟು ಶಕ್ತಿವ್ಯಯಕ್ಕೆ ಮೂರು ಬಾಬ್ತು. ಉಸಿರಾಟ, ಹೃದಯ, ಮಿದುಳು, ಯಕೃತ್ತು, ದೇಹದ ಬಿಸಿ ಇವುಗಳನ್ನು ನಡೆಸಿಕೊಂಡು ಹೋಗಲು ಸುಮ್ಮನೆ ಮಲಗಿದ್ದರೂ ಖರ್ಚಾಗುವುದು ಮೂಲ ಚಯಾಪಚಯ. ಹೆಚ್ಚು ಮೈದಣಿಸದವರಲ್ಲಿ ಒಟ್ಟು ಖರ್ಚಿನ ಸುಮಾರು ಮೂರನೇ ಎರಡರಷ್ಟು ಇದೇ. ಉಂಡದ್ದನ್ನು ಅರಗಿಸಿ ರಕ್ತಗತ ಮಾಡಿಕೊಳ್ಳಲು ಶೇಕಡಾ 10ರ ಆಸುಪಾಸು ಹೋಗುತ್ತದೆ. ಉಳಿದದ್ದು ಚಟುವಟಿಕೆ. ಅದರಲ್ಲಿ ಓಟ, ವ್ಯಾಯಾಮಗಳಷ್ಟೇ ಅಲ್ಲ, ನಿಲ್ಲುವುದು, ಬಗ್ಗುವುದು, ಬಟ್ಟೆ ಒಗೆಯುವುದು, ಕೂತಲ್ಲೇ ಕಾಲು ಕುಣಿಸುವುದು ಕೂಡ ಸೇರುತ್ತವೆ.

ಪೋಷಣಾ ವಿಜ್ಞಾನಿಗಳು ಒಟ್ಟು ಖರ್ಚನ್ನು ಮೂಲ ಖರ್ಚಿನಿಂದ ಭಾಗಿಸಿ ಬರುವ ಸಂಖ್ಯೆಗೆ ದೈಹಿಕ ಚಟುವಟಿಕೆಯ ಮಟ್ಟ ಎನ್ನುತ್ತಾರೆ. 2004ರಲ್ಲಿ ಪ್ರಕಟವಾದ ವಿಶ್ವಸಂಸ್ಥೆಯ ತಜ್ಞರ ವರದಿಯ ಪ್ರಕಾರ ಇದು 1.40ರಿಂದ 1.69ರೊಳಗಿದ್ದರೆ ಕೂತ ಬದುಕು, 1.70ರಿಂದ 1.99 ಚುರುಕಿನ ಬದುಕು, 2.00ರಿಂದ 2.40 ಕಷ್ಟದ ದುಡಿಮೆ. ದಿಲ್‌ಸುಖ್‌ನಗರದ ಹಾಸ್ಟೆಲ್ ವಿದ್ಯಾರ್ಥಿಯೊಬ್ಬನ ದಿನವನ್ನು ಹೀಗೆ ಲೆಕ್ಕ ಹಾಕಬಹುದು. ಎಂಟು ಗಂಟೆ ನಿದ್ರೆಗೆ ಮೂಲ ದರದ 1 ಪಟ್ಟು, ಹನ್ನೊಂದು ಗಂಟೆ ತರಗತಿ ಮತ್ತು ಓದಿಗೆ 1.3 ಪಟ್ಟು, ಸ್ನಾನ, ಊಟ, ಬಟ್ಟೆಬರೆಯ ಎರಡೂವರೆ ಗಂಟೆಗೆ 1.8 ಪಟ್ಟು, ಒಂದು ಗಂಟೆ ನಿಂತಿರುವುದಕ್ಕೆ 1.4, ಒಂದೂವರೆ ಗಂಟೆ ನಡಿಗೆಗೆ 3.2. ಎಲ್ಲವನ್ನೂ ಕೂಡಿಸಿ 24ರಿಂದ ಭಾಗಿಸಿದರೆ ಸುಮಾರು 1.38 ಬರುತ್ತದೆ. ಒಂದೂವರೆ ಗಂಟೆ ನಡೆದರೂ ಅದು ಕೂತ ಬದುಕಿನ ಕೆಳಗಿನ ಮಿತಿಗಿಂತ ತುಸು ಕಡಿಮೆಯೇ. ಈ ಲೆಕ್ಕಕ್ಕೆ ಒಂದು ಕಾಗದ, ಒಂದು ಪೆನ್ಸಿಲ್ ಸಾಕು. ಕೈಗಡಿಯಾರ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಗಂಟೆಗಳನ್ನು ನಾವು ಹೇಳುವ ಬದಲು ಅದು ತಾನೇ ಊಹಿಸುತ್ತದೆ.

ನಿಜವಾದ ಅಳತೆ

ಶಕ್ತಿವ್ಯಯವನ್ನು ನೇರವಾಗಿ ಅಳೆಯುವ ಪ್ರಯತ್ನ ಹಳೆಯದು. 1890ರ ದಶಕದಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಆಟ್‌ವಾಟರ್ ಮತ್ತು ರೋಸಾ ಮನುಷ್ಯನನ್ನು ಒಂದು ಮುಚ್ಚಿದ ಕೋಣೆಯಲ್ಲಿರಿಸಿ ಅವನ ಮೈಯಿಂದ ಹೊರಡುವ ಶಾಖವನ್ನು ಅಳೆದರು. ಆಮ್ಲಜನಕ ಎಷ್ಟು ಬಳಕೆಯಾಯಿತು, ಇಂಗಾಲದ ಡೈಆಕ್ಸೈಡ್ ಎಷ್ಟು ಹೊರಬಂತು ಎಂಬುದರಿಂದ ಖರ್ಚನ್ನು ಲೆಕ್ಕಹಾಕುವ ಪರೋಕ್ಷ ವಿಧಾನ ಮುಂದೆ ಹೆಚ್ಚು ಬಳಕೆಗೆ ಬಂತು. 1911ರಲ್ಲಿ ಡಗ್ಲಾಸ್ ರೂಪಿಸಿದ ಚೀಲವನ್ನು ಬೆನ್ನಿಗೆ ಕಟ್ಟಿಕೊಂಡು ಕೆಲಸ ಮಾಡಬಹುದಿತ್ತು. ಬಿಟ್ಟ ಉಸಿರೆಲ್ಲ ಅದರಲ್ಲಿ ತುಂಬುತ್ತಿತ್ತು. ಗಣಿ, ಹೊಲ, ಕಾರ್ಖಾನೆಗಳ ಕೆಲಸಕ್ಕೆ ತಗಲುವ ಶಕ್ತಿಯ ಪಟ್ಟಿಗಳು ಹುಟ್ಟಿದ್ದು ಇಂಥ ಅಳತೆಗಳಿಂದ. ಭಾರತದಲ್ಲೂ ಈ ಪರಂಪರೆಯಿದೆ: ಕಲ್ಲುಕುಟಿಗರು ಎಷ್ಟು ತಿನ್ನುತ್ತಾರೆ, ಎಷ್ಟು ಖರ್ಚು ಮಾಡುತ್ತಾರೆ ಎಂಬ ರಮಣಮೂರ್ತಿ ಮತ್ತು ದಾಕ್ಷಾಯಣಿ ಅವರ ಅಧ್ಯಯನ 1962ರಲ್ಲೇ ಪ್ರಕಟವಾಗಿತ್ತು.

ಆದರೆ ಉಸಿರು ಹಿಡಿಯುವ ಮುಖವಾಡ ಹಾಕಿಕೊಂಡು ಯಾರೂ ವಾರಗಟ್ಟಲೆ ಬದುಕಲಾರರು. ಸಹಜ ಬದುಕಿನ ಖರ್ಚನ್ನು ಅಳೆಯುವ ದಾರಿ ತೆರೆದದ್ದು ಜೋಡಿ ಗುರುತಿನ ನೀರು. ಮಿನೆಸೋಟದ ನೇಥನ್ ಲಿಫ್‌ಸನ್ ಮತ್ತು ಸಂಗಡಿಗರು 1955ರಲ್ಲಿ ಇದನ್ನು ಇಲಿಗಳ ಮೇಲೆ ತೋರಿಸಿದರು. 1982ರಲ್ಲಿ ಡೇಲ್ ಶೋಲರ್ ಮನುಷ್ಯರಿಗೆ ಅನ್ವಯಿಸಿದರು. ಭಾರ ಹೈಡ್ರೋಜನ್ ಮತ್ತು ಭಾರ ಆಮ್ಲಜನಕ ಬೆರೆತ ನೀರನ್ನು ಕುಡಿಸಲಾಗುತ್ತದೆ. ಇವೆರಡೂ ವಿಕಿರಣ ಸೂಸದ ಸಮಸ್ಥಾನಿಗಳು, ಗರ್ಭಿಣಿಯರಿಗೂ ಶಿಶುಗಳಿಗೂ ಅಪಾಯವಿಲ್ಲ. ಹೈಡ್ರೋಜನ್ ಮೂತ್ರ, ಬೆವರು, ಆವಿಗಳ ರೂಪದಲ್ಲಿ ನೀರಾಗಿ ಮಾತ್ರ ಹೊರಹೋಗುತ್ತದೆ. ಆಮ್ಲಜನಕ ನೀರಾಗಿಯೂ ಹೋಗುತ್ತದೆ, ಉಸಿರಿನ ಇಂಗಾಲದ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಒಂದೆರಡು ವಾರ ಮೂತ್ರದ ಮಾದರಿ ಪಡೆದು ಎರಡೂ ಎಷ್ಟು ಬೇಗ ಕರಗಿದವು ಎಂದು ನೋಡಿದರೆ, ಆ ವ್ಯತ್ಯಾಸವೇ ಹೊರಬಿದ್ದ ಇಂಗಾಲದ ಡೈಆಕ್ಸೈಡಿನ ಅಳತೆ, ಅದರಿಂದ ಶಕ್ತಿವ್ಯಯ. ಉಪಕರಣ ಕಟ್ಟಿಕೊಳ್ಳಬೇಕಿಲ್ಲ, ದಿನಚರಿ ಬದಲಿಸಬೇಕಿಲ್ಲ. ಆದರೆ ಭಾರ ಆಮ್ಲಜನಕ ದುಬಾರಿ, ಅದನ್ನು ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಇನ್ನೂ ದುಬಾರಿ. ಸಿಗುವುದೂ ಹಲವು ದಿನಗಳ ಸರಾಸರಿ ಮಾತ್ರ, ಮಂಗಳವಾರದ ಸಂಜೆಯ ಓಟಕ್ಕೆ ಎಷ್ಟು ಎಂದರೆ ಉತ್ತರವಿಲ್ಲ. ಇಷ್ಟಾದರೂ ಎಲ್ಲ ಮಾಪಕಗಳನ್ನೂ ಒರೆಗೆ ಹಚ್ಚುವುದು ಇದಕ್ಕೇ. 2021ರಲ್ಲಿ ಹರ್ಮನ್ ಪಾಂಟ್ಜರ್ ಮತ್ತಿತರರು 29 ದೇಶಗಳ 6,421 ಜನರ ಇಂಥ ಅಳತೆಗಳನ್ನು ಒಟ್ಟುಗೂಡಿಸಿದರು. ಅದರಲ್ಲಿ ಎಂಟು ದಿನದ ಕೂಸೂ ಇತ್ತು, 95 ವರ್ಷದ ಹಿರಿಯರೂ ಇದ್ದರು.

ಮಾಪಕದ ಒಳಗೆ

ಗಡಿಯಾರದ ಒಳಗಿರುವುದು ಮುಖ್ಯವಾಗಿ ಎರಡು ಸಂವೇದಕ. ಮೊದಲನೆಯದು ಆಕ್ಸೆಲೆರೊಮೀಟರ್, ವೇಗ ಎಷ್ಟು ಬದಲಾಯಿತು ಎಂಬುದನ್ನು ಮೂರು ದಿಕ್ಕುಗಳಲ್ಲಿ ಸೆಕೆಂಡಿಗೆ ಹತ್ತಾರು ಬಾರಿ ದಾಖಲಿಸುವ ಸಿಲಿಕಾನ್ ಚೂರು. ಎರಡನೆಯದು ಗಡಿಯಾರದ ತಳದಲ್ಲಿ ಮಿನುಗುವ ಹಸಿರು ದೀಪ. ಅದರ ಬೆಳಕನ್ನು ಚರ್ಮದಡಿಯ ರಕ್ತ ಎಷ್ಟು ಹೀರಿತು ಎಂಬುದರ ಏರಿಳಿತದಿಂದ ನಾಡಿ ಸಿಗುತ್ತದೆ. ಮೈಬಣ್ಣ ಕಪ್ಪಾದಷ್ಟೂ ಈ ದೀಪ ಎಡವುತ್ತದೆ ಎಂಬ ಅನುಮಾನ ಬಹುಕಾಲ ಇತ್ತು. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು ಹಲವು ಮಾದರಿಗಳನ್ನು ಹೋಲಿಸಿದಾಗ ಮೈಬಣ್ಣದಿಂದ ಗಣನೀಯ ವ್ಯತ್ಯಾಸ ಕಾಣಲಿಲ್ಲ. ತಪ್ಪು ಹೆಚ್ಚಾದದ್ದು ಕೈ ಅಲುಗಾಡಿದಾಗ.

ಇತಿಹಾಸವನ್ನು ಚುಟುಕಾಗಿ ಹೇಳಬಹುದು. 1965ರಲ್ಲಿ ಜಪಾನಿನ ಯಮಾಸಾ ಕಂಪನಿ ಮಾರಾಟಕ್ಕೆ ತಂದ ಮನ್ಪೊ-ಕೆ ಹೆಜ್ಜೆ ಎಣಿಸುತ್ತಿತ್ತು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಗುರಿ ಲೋಕಕ್ಕೆಲ್ಲ ಹರಡಿದ್ದು ಆ ಮಾರಾಟದ ಪ್ರಚಾರದಿಂದಲೇ ಹೊರತು ಯಾವುದೇ ವೈದ್ಯಕೀಯ ಪ್ರಯೋಗದಿಂದಲ್ಲ. 1980ರ ದಶಕದಲ್ಲಿ ಕ್ಯಾಲ್‌ಟ್ರಾಕ್, 90ರ ದಶಕದಲ್ಲಿ ಮುಂದೆ ಆಕ್ಟಿಗ್ರಾಫ್ ಎನಿಸಿಕೊಂಡ ಸೊಂಟದ ಮಾಪಕ ಪ್ರಯೋಗಾಲಯಗಳಿಗೆ ಬಂದವು. 2009ರಲ್ಲಿ ಫಿಟ್‌ಬಿಟ್, 2015ರಲ್ಲಿ ಆಪಲ್ ವಾಚ್. ಭಾರತದಲ್ಲಿ ನಾಯ್ಸ್, ಬೋಟ್, ಫೈರ್-ಬೋಲ್ಟ್, ಟೈಟನ್ ಮುಂತಾದವು ಅಗ್ಗದ ಮಾದರಿಗಳನ್ನು ತಂದ ಮೇಲೆ ಇದು ಕಾಲೇಜು ಹುಡುಗರ ಕೈಗೂ ಬಂತು.

ಅಲುಗಾಟವನ್ನು ಕ್ಯಾಲರಿಯಾಗಿಸುವ ಕೆಲಸ ಸಮೀಕರಣದ್ದು. ಇವುಗಳಲ್ಲಿ ಅತಿ ಹೆಚ್ಚು ಬಳಕೆಯಾದದ್ದು 1998ರಲ್ಲಿ ಪ್ಯಾಟಿ ಫ್ರೀಡ್‌ಸನ್ ಪ್ರಕಟಿಸಿದ್ದು. 25 ಗಂಡಸರು, 25 ಹೆಂಗಸರು ಟ್ರೆಡ್‌ಮಿಲ್ ಮೇಲೆ ನಡೆದು, ಓಡಿ ಕೊಟ್ಟ ಅಂಕಿಗಳಿಂದ ಅದು ಹುಟ್ಟಿತು. ಮಾಪಕದ ಅಲುಗಾಟದ ಎಣಿಕೆ ನಿಮಿಷಕ್ಕೆ 1,952 ದಾಟಿದರೆ ಮಧ್ಯಮ ಶ್ರಮ ಎಂಬ ಗೆರೆ ಅಲ್ಲಿಂದ ಬಂತು. ಅಮೆರಿಕದ ಐವತ್ತು ಯುವಜನ ಸಮತಟ್ಟಾದ ಪಟ್ಟಿಯ ಮೇಲೆ ನಡೆದದ್ದರಿಂದ ಎಳೆದ ಗೆರೆಯನ್ನು ಲೋಕದ ಎಲ್ಲ ದುಡಿಮೆಗೂ ಅನ್ವಯಿಸುವುದು ಧೈರ್ಯದ ಕೆಲಸವೇ. ಈಗಿನ ಗಡಿಯಾರಗಳು ಇನ್ನೂ ಜಟಿಲವಾದ ಲೆಕ್ಕ ಬಳಸುತ್ತವೆ. ಆದರೆ ಆ ಲೆಕ್ಕ ಕಂಪನಿಯ ಗುಟ್ಟು. ಸಾಫ್ಟ್‌ವೇರ್ ನವೀಕರಿಸಿದ ದಿನ ಅದು ಸದ್ದಿಲ್ಲದೆ ಬದಲಾಗಲೂಬಹುದು.

ಗಡಿಯಾರ ಮೊದಲ ಬಾರಿ ಚಾಲೂ ಮಾಡಿದಾಗ ವಯಸ್ಸು, ಎತ್ತರ, ತೂಕ, ಲಿಂಗ ಕೇಳುತ್ತದೆ. ಬಹಳ ಮಂದಿ ಇದನ್ನು ಬರಿಯ ನೋಂದಣಿ ಎಂದುಕೊಳ್ಳುತ್ತಾರೆ. ದಿನದ ಒಟ್ಟು ಕ್ಯಾಲರಿಯ ಬಹುಪಾಲು ನಿಗದಿಯಾಗುವುದು ಆ ಕ್ಷಣದಲ್ಲೇ. ಗಡಿಯಾರವನ್ನು ಕಟ್ಟಿಕೊಂಡು ಇಡೀ ದಿನ ಹಾಸಿಗೆಯಲ್ಲಿ ಬಿದ್ದುಕೊಂಡರೂ ಅದು ಸಾವಿರಕ್ಕೂ ಹೆಚ್ಚು ಕ್ಯಾಲರಿ ತೋರಿಸುತ್ತದೆ, ತೋರಿಸಬೇಕಾದ್ದೂ ಹೌದು. ಅದು ಅಳತೆಯಲ್ಲ, ಅರ್ಜಿಯಲ್ಲಿ ತುಂಬಿದ ಮಾಹಿತಿಯ ಗುಣಾಕಾರ.

ಯಾರ ಮೈಯ ಸಮೀಕರಣ?

ಆ ಗುಣಾಕಾರ ಯಾರ ಮೈಯನ್ನು ಆಧರಿಸಿದ್ದು ಎಂಬುದು ಭಾರತೀಯ ಓದುಗರಿಗೆ ಮುಖ್ಯ ಪ್ರಶ್ನೆ. 1985ರ ವಿಶ್ವಸಂಸ್ಥೆಯ ವರದಿ ಮೂಲ ಖರ್ಚನ್ನು ಅಂದಾಜಿಸುವ ಸ್ಕೋಫೀಲ್ಡ್ ಸಮೀಕರಣಗಳನ್ನು ಜಗತ್ತಿಗೆಲ್ಲ ಶಿಫಾರಸು ಮಾಡಿತು. ಅವುಗಳ ಹಿಂದೆ ಏಳು ಸಾವಿರಕ್ಕೂ ಹೆಚ್ಚು ಜನರ ಅಂಕಿಗಳಿದ್ದವು, ಸರಿ. ಆದರೆ ಅರ್ಧಕ್ಕೆ ಹತ್ತಿರದಷ್ಟು ಮಂದಿ ಇಟಲಿಯವರು. ಉಷ್ಣವಲಯದವರ ಪಾಲು ತೀರಾ ಚಿಕ್ಕದಿತ್ತು. ಇಟಲಿಯವರ ಮೂಲ ದರ ಬೇರೆಯವರಿಗಿಂತ ಮೇಲಿತ್ತು ಎಂದು ಜಯಕುಮಾರ್ ಹೆನ್ರಿ ತೋರಿಸಿಕೊಟ್ಟು, 2005ರಲ್ಲಿ ಅವರನ್ನು ಹೊರತುಪಡಿಸಿದ ಆಕ್ಸ್‌ಫರ್ಡ್ ಸಮೀಕರಣಗಳನ್ನು ಪ್ರಕಟಿಸಿದರು.

ಈ ಚರ್ಚೆಗೆ ಗಟ್ಟಿ ಕೊಡುಗೆ ಬೆಂಗಳೂರಿನದು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ ಕಟ್ಟಿದ ತಂಡ, ಬಳಿಕ ಅನುರಾ ಕುರ್ಪಾಡ್ ಮತ್ತು ಮಾರಿಯೊ ವಾಜ್ ಮುಂದುವರಿಸಿದ ಕೆಲಸ ಮೂರು ದಶಕಗಳಷ್ಟು ಹಬ್ಬಿದೆ. ಭಾರತೀಯರ ಮೂಲ ದರ ಪಾಶ್ಚಾತ್ಯರಿಗಿಂತ ಕಡಿಮೆ ಎಂಬುದು ಹಳೆಯ ನಂಬಿಕೆ. ಹವಾಮಾನ, ಆಹಾರ, ಜನಾಂಗ ಎಂದು ನಾನಾ ಕಾರಣ ಹೇಳುತ್ತಿದ್ದರು. ಮಾರಿಯೊ ಸೋರೆಸ್, ಪಿಯರ್ಸ್, ಓಡಿಯಾ ಮತ್ತು ಶೆಟ್ಟಿ 1998ರಲ್ಲಿ ಭಾರತ ಮತ್ತು ಆಸ್ಟ್ರೇಲಿಯದ ಅಳತೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಕೊಬ್ಬನ್ನು ಬಿಟ್ಟು ಉಳಿದ ಮೈತೂಕವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಜನಾಂಗದ ವ್ಯತ್ಯಾಸವೆಂಬುದು ಉಳಿಯಲೇ ಇಲ್ಲ. ವ್ಯತ್ಯಾಸ ಇರುವುದು ಮೈಯ ರಚನೆಯಲ್ಲಿ. ಒಂದೇ ತೂಕದ ಇಬ್ಬರಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಇದ್ದವರ ಮೂಲ ಖರ್ಚು ಕಡಿಮೆ. ಭಾರತೀಯರಲ್ಲಿ ಅಂಥವರು ಹೆಚ್ಚು. ಗಡಿಯಾರ ಕೇಳುವುದು ತೂಕವನ್ನು, ಆ ತೂಕ ಯಾವುದರಿಂದಾದದ್ದು ಎಂದಲ್ಲ.

ಲೆಕ್ಕ ಹಾಕಿ ನೋಡಿದರೆ ವ್ಯತ್ಯಾಸದ ಗಾತ್ರ ಗೊತ್ತಾಗುತ್ತದೆ. 1985ರ ವರದಿಯ ಸೂತ್ರದಂತೆ 18ರಿಂದ 30 ವರ್ಷದ ಗಂಡಸಿನ ಮೂಲ ಖರ್ಚು ತಿಳಿಯಲು ತೂಕವನ್ನು 15.3ರಿಂದ ಗುಣಿಸಿ 679 ಕೂಡಿಸಬೇಕು. 65 ಕಿಲೋ ತೂಕದವನಿಗೆ ಅದು ಸುಮಾರು 1,673 ಕಿಲೋಕ್ಯಾಲರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೊರತಂದ ಕೋಷ್ಟಕ ಅದೇ ತೂಕದ, ಕೂತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 2,110 ಕಿಲೋಕ್ಯಾಲರಿ ಎನ್ನುತ್ತದೆ. ಅಲ್ಲಿ ಬಳಸಿದ ಚಟುವಟಿಕೆಯ ಗುಣಕ 1.4. ಅಂದರೆ ಮೂಲ ಖರ್ಚು 1,507ರಷ್ಟು. ಎರಡು ಸೂತ್ರಗಳ ಅಂತರ 166. ಗುಣಕ ಸೇರಿದರೆ ದಿನಕ್ಕೆ 230ರ ಮೇಲೆ. ಸುಮಾರು 30 ಗ್ರಾಂ ಹಿಟ್ಟಿನ ಎಣ್ಣೆ ಹಾಕದ ಚಪಾತಿಯಲ್ಲಿ 100 ಕಿಲೋಕ್ಯಾಲರಿಯ ಆಸುಪಾಸು ಇರುತ್ತದೆ. ಹೀಗಾಗಿ ಸೂತ್ರದ ಆಯ್ಕೆಯಿಂದಲೇ ದಿನಕ್ಕೆ ಎರಡು ಚಪಾತಿಗಿಂತ ಹೆಚ್ಚಿನ ಲೆಕ್ಕ ತಪ್ಪಿರುತ್ತದೆ.

ಈ ಕೋಷ್ಟಕ ಹೊರತಂದ ಪೋಷಣಾ ಸಂಸ್ಥೆಯ ಹಿನ್ನೆಲೆಯನ್ನೂ ಇಲ್ಲಿ ಹೇಳಬೇಕು. 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಕೂನೂರಿನಲ್ಲಿ ಬೆರಿಬೆರಿ ರೋಗದ ಶೋಧಕ್ಕೆಂದು ಆರಂಭಿಸಿದ ಚಿಕ್ಕ ಘಟಕ ಮುಂದೆ ಬೆಳೆದು 1958ರಲ್ಲಿ ಹೈದರಾಬಾದಿಗೆ ಬಂತು. 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಅದರ ಕೋಷ್ಟಕಗಳನ್ನು ಹೋಲಿಸುವುದೇ ಒಂದು ಪಾಠ. 2010ರಲ್ಲಿ ಮಾದರಿ ಗಂಡಸಿನ ತೂಕ 60 ಕಿಲೋ, ಕೂತ ಬದುಕಿಗೆ 2,320 ಕಿಲೋಕ್ಯಾಲರಿ. 2020ರಲ್ಲಿ ತೂಕ 65ಕ್ಕೆ ಏರಿತು, ಶಕ್ತಿಯ ಅಗತ್ಯ 2,110ಕ್ಕೆ ಇಳಿಯಿತು. 55 ಕಿಲೋ ತೂಕದ ಹೆಂಗಸಿಗೆ 1,900 ಇದ್ದದ್ದು 1,660 ಆಯಿತು. ಮೂಲ ದರದ ಅಂದಾಜನ್ನು ತಗ್ಗಿಸಿದರು, ಕೂತ ಬದುಕಿನ ಗುಣಕವನ್ನೂ 1.53ರಿಂದ 1.4ಕ್ಕೆ ಇಳಿಸಿದರು. ಕಷ್ಟದ ದುಡಿಮೆಯ ಗಂಡಸಿಗೆ ಮಾತ್ರ 3,490 ಇದ್ದದ್ದು 3,470, ಹೆಚ್ಚೇನೂ ಬದಲಾಗಲಿಲ್ಲ. ದೇಶದ ಅಧಿಕೃತ ಅಂದಾಜೇ ಹತ್ತು ವರ್ಷದಲ್ಲಿ 200 ಕಿಲೋಕ್ಯಾಲರಿಗೂ ಮೀರಿ ಸರಿಯಿತೆಂದರೆ ಎರಡು ಸಾವಿರ ರೂಪಾಯಿಯ ಗಡಿಯಾರ ಕೊನೆಯ ಅಂಕೆಯವರೆಗೆ ನಿಖರವಾಗಿ 2,347 ಎಂದು ತೋರಿಸುವುದು ಸ್ವಲ್ಪ ಹೆಚ್ಚಾಯಿತು.

ಇನ್ನೊಂದು ಅಡಗಿದ ದೋಷ ಮೆಟ್ ಎಂಬ ಮಾನದಲ್ಲಿದೆ. ಸುಮ್ಮನೆ ಕೂತವರು ಮೈತೂಕದ ಕಿಲೋಗೆ ನಿಮಿಷಕ್ಕೆ 3.5 ಮಿಲಿಲೀಟರ್ ಆಮ್ಲಜನಕ ಬಳಸುತ್ತಾರೆ ಎಂದು ಭಾವಿಸಿ ಅದನ್ನು 1 ಮೆಟ್ ಎನ್ನುತ್ತಾರೆ. 2005ರಲ್ಲಿ ಬೈರ್ನ್ ಮತ್ತಿತರರು 769 ವಯಸ್ಕರನ್ನು ಅಳೆದಾಗ ನಿಜವಾದ ಸರಾಸರಿ 2.6ರಷ್ಟಿತ್ತು. ನಡಿಗೆ 3 ಮೆಟ್, ಓಟ 10 ಮೆಟ್ ಎಂಬ ಪಟ್ಟಿಗಳೆಲ್ಲ ಆ 3.5ರ ಮೇಲೆ ನಿಂತಿವೆ.

ಹೊಲ, ಮನೆ, ಶಾಲೆಗಳಲ್ಲಿ ಮಾಪಕ

ಭಾರತದಲ್ಲಿ ದೀರ್ಘಾವಧಿಯ ಆರೋಗ್ಯ ಅಧ್ಯಯನಗಳಲ್ಲಿ ಮಾಪಕಗಳ ಬಳಕೆ ಕಾಣುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಗೆ ಹುಟ್ಟಿದ ಮಕ್ಕಳನ್ನು ಹಿಂಬಾಲಿಸುತ್ತಿರುವ ಪಾರ್ಥೆನಾನ್ ಅಧ್ಯಯನದಲ್ಲಿ ಜಿ.ವಿ. ಕೃಷ್ಣವೇಣಿ ಮತ್ತಿತರರು ಶಾಲಾ ಮಕ್ಕಳಿಗೆ ಆಕ್ಸೆಲೆರೊಮೀಟರ್ ತೊಡಿಸಿ, ಭಾರತದ ಮಕ್ಕಳಲ್ಲಿ ಇದು ನಡೆಯುವ ಕೆಲಸವೇ ಎಂದು ಪರೀಕ್ಷಿಸಿದರು. 2009ರಲ್ಲಿ ಅದು ಇಂಡಿಯನ್ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂತು. ಮಗುವಿನ ಆಟವನ್ನು ಯಾವ ಪ್ರಶ್ನಾವಳಿಯೂ ಹಿಡಿಯಲಾರದು, ಹೀಗಾಗಿ ಮಾಪಕ ಅಲ್ಲಿ ನಿಜಕ್ಕೂ ಉಪಯುಕ್ತ.

ಹಳ್ಳಿಯಿಂದ ನಗರಕ್ಕೆ ವಲಸೆ ಬಂದವರ ಆರೋಗ್ಯವನ್ನು ನೋಡಿದ ಭಾರತೀಯ ವಲಸೆ ಅಧ್ಯಯನ 2005ರಿಂದ 2007ರವರೆಗೆ ನಾಲ್ಕು ನಗರಗಳ ಕಾರ್ಖಾನೆಗಳಲ್ಲಿ ನಡೆಯಿತು. ಹೈದರಾಬಾದಿನ ಬಿಎಚ್‌ಇಎಲ್, ಬೆಂಗಳೂರಿನ ಎಚ್‌ಎಂಟಿ ಅವುಗಳಲ್ಲಿದ್ದವು. ಆ ಅಧ್ಯಯನದ ಚಟುವಟಿಕೆ ಪ್ರಶ್ನಾವಳಿಯನ್ನು ಮುಂದೆ ಮಾಪಕಗಳ ಎದುರು ಪರೀಕ್ಷಿಸಲಾಯಿತು. ಹೈದರಾಬಾದಿಗೆ ಸಮೀಪದ 29 ಹಳ್ಳಿಗಳಲ್ಲಿ 1987ರಿಂದ 90ರವರೆಗೆ ಗರ್ಭಿಣಿಯರಿಗೂ ಮಕ್ಕಳಿಗೂ ಪೂರಕ ಆಹಾರ ಕೊಟ್ಟ ಪ್ರಯೋಗದಿಂದ ಬೆಳೆದ ಆಂಧ್ರಪ್ರದೇಶ ಮಕ್ಕಳು ಮತ್ತು ಪೋಷಕರ ಅಧ್ಯಯನದಲ್ಲೂ ಇದೇ ಕೆಲಸ ನಡೆಯಿತು. ಇಂಥ ಹೋಲಿಕೆಗಳಲ್ಲಿ ಜನ ಹೇಳುವುದಕ್ಕೂ ಮಾಪಕ ತೋರುವುದಕ್ಕೂ ಹೊಂದಿಕೆ ಸಾಧಾರಣ ಮಟ್ಟದ್ದು. ತಪ್ಪು ಯಾವಾಗಲೂ ಜನರದೇ ಎಂದು ತೀರ್ಮಾನಿಸಬೇಕಿಲ್ಲ.

ಏಕೆಂದರೆ ದುಡಿಮೆಯ ಬಹುಪಾಲು ಮಾಪಕಕ್ಕೆ ಕಾಣುವುದಿಲ್ಲ. ಹಣ್ಣು ತುಂಬಿದ ತಳ್ಳುಗಾಡಿಯನ್ನು ಮಲಕ್‌ಪೇಟೆಯ ಕಡೆಯಿಂದ ದಿಲ್‌ಸುಖ್‌ನಗರದವರೆಗೆ ತಳ್ಳಿಕೊಂಡು ಬರುವವನ ಎರಡೂ ಕೈ ಹಿಡಿಕೆಯ ಮೇಲೆ ಅಲುಗದೆ ಇರುತ್ತವೆ. ಮಣಿಕಟ್ಟಿನ ಗಡಿಯಾರಕ್ಕೆ ಅವನು ಹೆಚ್ಚುಕಡಿಮೆ ನಿಂತಂತೆಯೇ. ತಲೆಯ ಮೇಲೆ 30 ಕಿಲೋ ಹೊತ್ತು ನಡೆಯುವುದೂ ಬರಿಗೈಯಲ್ಲಿ ನಡೆಯುವುದೂ ಆಕ್ಸೆಲೆರೊಮೀಟರಿಗೆ ಒಂದೇ. ಸೈಕಲ್ ತುಳಿಯುವವರ ತೊಡೆ ಉರಿಯುತ್ತಿದ್ದರೂ ಕೈ ಸುಮ್ಮನಿರುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಕೂತಲ್ಲೇ ಈರುಳ್ಳಿ ಹೆಚ್ಚುವವರು, ಬೀಡಿ ಸುತ್ತುವವರು, ಗುಂಡಿಬಿದ್ದ ರಸ್ತೆಯಲ್ಲಿ ಆಟೊ ಓಡಿಸುವವರು ಮಾಪಕದ ಕಣ್ಣಿಗೆ ಮಹಾ ಶ್ರಮಜೀವಿಗಳಾಗುತ್ತಾರೆ. ನಾಡಿಬಡಿತ ಸೇರಿಸಿದರೆ ಈ ಕೊರತೆ ಒಂದಷ್ಟು ತುಂಬುತ್ತದೆ. ಆದರೆ ಮೇ ತಿಂಗಳ 40 ಡಿಗ್ರಿ ಬಿಸಿಲು, ಜ್ವರ, ಸ್ಟ್ರಾಂಗ್ ಕಾಫಿ, ಪರೀಕ್ಷೆಯ ಹಿಂದಿನ ರಾತ್ರಿಯ ಆತಂಕ ಇವೆಲ್ಲ ನಾಡಿಯನ್ನು ಏರಿಸುತ್ತವೆ, ಶಕ್ತಿವ್ಯಯವನ್ನು ಅಷ್ಟಾಗಿ ಏರಿಸುವುದಿಲ್ಲ. ಸೇಂಟ್ ಜಾನ್ಸ್ ತಂಡ 2006ರಲ್ಲಿ ಗಂಡಸರ ನಾಡಿಬಡಿತದಿಂದ ದಿನದ ಶಕ್ತಿವ್ಯಯ ಅಂದಾಜಿಸುವ ಸರಳ ವಿಧಾನವೊಂದನ್ನು ಪ್ರಕಟಿಸಿತು. ಇಂಥ ವಿಧಾನಗಳ ಹಿಂದಿರುವ ಸಮಸ್ಯೆ ಒಂದೇ: ವಿಶ್ರಾಂತಿಯ ಆಸುಪಾಸಿನಲ್ಲಿ ನಾಡಿಗೂ ಖರ್ಚಿಗೂ ನಂಟು ಸಡಿಲ, ಶ್ರಮ ಹೆಚ್ಚಿದಂತೆ ಬಿಗಿ. ಆ ಎರಡು ಸ್ಥಿತಿಗಳ ನಡುವಿನ ಗಡಿ ಪ್ರತಿಯೊಬ್ಬರಲ್ಲೂ ಬೇರೆ.

ರೀಡಿಂಗ್ ವಿಶ್ವವಿದ್ಯಾಲಯದ ಜಿಯಾಕೊಮೊ ಝನೆಲ್ಲೊ, ಸಿ.ಎಸ್. ಶ್ರೀನಿವಾಸನ್ ಮತ್ತಿತರರು ಘಾನಾ, ಭಾರತ ಮತ್ತು ನೇಪಾಳದ ಹಳ್ಳಿಗಳಲ್ಲಿ ಮಾಪಕದ ಅಂಕಿಯ ಜೊತೆಗೆ ಯಾವ ಹೊತ್ತಿನಲ್ಲಿ ಯಾವ ಕೆಲಸ ಮಾಡಿದರು ಎಂಬ ದಿನಚರಿಯನ್ನೂ ಕೇಳಿ ಬರೆದುಕೊಂಡರು. ಇದು ಸರಿಯಾದ ದಾರಿ. ನೀರು ತರುವುದು, ಸೌದೆ, ಅಡುಗೆ, ಕಳೆ ಕೀಳುವುದು, ಕೂಲಿ ಎಲ್ಲವೂ ಆಗ ಒಂದೇ ಲೆಕ್ಕದಲ್ಲಿ ಬರುತ್ತವೆ. ಕೆಲಸವೆಂದೇ ಎಣಿಸದ ಹೆಂಗಸರ ಮನೆವಾರ್ತೆಗೂ ಅಂಕಿ ಸಿಗುತ್ತದೆ. ವಿಶ್ವಸಂಸ್ಥೆಯ ಆಹಾರ ಸಂಸ್ಥೆಗಾಗಿ ವಾಜ್, ಶೆಟ್ಟಿ ಮತ್ತಿತರರು 2005ರಲ್ಲಿ ಸಂಗ್ರಹಿಸಿದ ಚಟುವಟಿಕೆಗಳ ಶಕ್ತಿಬೆಲೆಯ ಪಟ್ಟಿ ಇಂಥ ಕೆಲಸಕ್ಕೆ ಇಂದಿಗೂ ಆಧಾರ.

ನಿಖರತೆ

2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಜನರಿಗೆ ಏಳು ಮಾದರಿಯ ಗಡಿಯಾರ ಕಟ್ಟಿ ನಡೆಸಿದರು, ಓಡಿಸಿದರು, ಸೈಕಲ್ ತುಳಿಸಿದರು. ನಾಡಿಬಡಿತದಲ್ಲಿ ಏಳರಲ್ಲಿ ಆರು ಮಾದರಿಗಳ ತಪ್ಪು ಶೇಕಡಾ 5ರೊಳಗೆ. ಶಕ್ತಿವ್ಯಯದಲ್ಲಿ ಅತಿ ಉತ್ತಮ ಮಾದರಿಯೇ ಶೇಕಡಾ 27ರಷ್ಟು ತಪ್ಪಿತು. ಅತಿ ಕೆಟ್ಟದ್ದು ಶೇಕಡಾ 93ರಷ್ಟು. ಒಂದು ವರ್ಷ ಮೊದಲು ಜಪಾನಿನ ಮುರಕಾಮಿ ಮತ್ತಿತರರು 12 ಮಾಪಕಗಳನ್ನು 19 ಜನರ ಮೇಲೆ ಜೋಡಿ ಗುರುತಿನ ನೀರಿನೊಡನೆ ಹೋಲಿಸಿದ್ದರು. ಸಹಜ ದಿನಚರಿಯಲ್ಲಿ ಎಲ್ಲ ಮಾಪಕಗಳೂ ನಿಜಕ್ಕಿಂತ ಕಡಿಮೆಯನ್ನೇ ತೋರಿಸಿದವು, ಕೆಲವು ದಿನಕ್ಕೆ 500 ಕಿಲೋಕ್ಯಾಲರಿಗೂ ಮೀರಿ.

ತಯಾರಕರು ಹೇಳುವ ನಿಖರತೆಯ ಅಂಕಿಯನ್ನು ಓದುವಾಗ ಒಂದು ಎಚ್ಚರ ಬೇಕು. ಮೇಲಿನ 2,110ರ ಉದಾಹರಣೆಯಲ್ಲಿ ಮೂಲ ಖರ್ಚು 1,507, ಆಹಾರ ಅರಗಿಸಲು ಸುಮಾರು 211, ಚಟುವಟಿಕೆಗೆ ಉಳಿದದ್ದು 392. ಗಡಿಯಾರ ಈ 392ನ್ನು ಅರ್ಧದಷ್ಟು ತಪ್ಪಾಗಿ ಹೇಳಿದರೂ ಒಟ್ಟು ಅಂಕಿಯಲ್ಲಿ ತಪ್ಪು ಶೇಕಡಾ 9ರಷ್ಟೇ ಕಾಣುತ್ತದೆ. ಊಹಿಸಲು ಸುಲಭವಾದ ದೊಡ್ಡ ಪಾಲಿನ ಹಿಂದೆ, ನಾವು ತಿಳಿಯಬೇಕಾದ ಚಿಕ್ಕ ಪಾಲಿನ ದೋಷ ಅಡಗಿಕೊಳ್ಳುತ್ತದೆ.

ಓಟಗಾರರಿಗೂ ಈ ಲೆಕ್ಕ ಬೇಕು. ತೆಲಂಗಾಣ ಪೊಲೀಸ್ ನೇಮಕಾತಿಯ 2022ರ ನಿಯಮದಂತೆ ಗಂಡಸರು 1,600 ಮೀಟರನ್ನು 7 ನಿಮಿಷ 15 ಸೆಕೆಂಡಿನೊಳಗೆ, ಹೆಂಗಸರು 800 ಮೀಟರನ್ನು 5 ನಿಮಿಷ 20 ಸೆಕೆಂಡಿನೊಳಗೆ ಓಡಬೇಕಿತ್ತು. ಓಟಕ್ಕೆ ಮೈತೂಕದ ಕಿಲೋಗೆ, ಕಿಲೋಮೀಟರಿಗೆ ಸುಮಾರು 1 ಕಿಲೋಕ್ಯಾಲರಿ ತಗಲುತ್ತದೆ. 65 ಕಿಲೋದವನು ಜೀವ ಬಿಗಿಹಿಡಿದು ಆ ಓಟ ಮುಗಿಸಿದರೆ ಖರ್ಚಾಗುವುದು 104 ಕಿಲೋಕ್ಯಾಲರಿ, ಅಂದರೆ ಒಂದೇ ಒಂದು ಚಪಾತಿ. ಓಟದ ಲಾಭ ಹೃದಯಕ್ಕೆ, ಶ್ವಾಸಕ್ಕೆ, ಸ್ನಾಯುವಿಗೆ. ಕ್ಯಾಲರಿಯ ಖಾತೆಯಲ್ಲಿ ಅದು ಚಿಲ್ಲರೆ. ಮೈ ಹೆಚ್ಚು ದಣಿದಷ್ಟೂ ಒಟ್ಟು ಖರ್ಚು ಅದೇ ಅನುಪಾತದಲ್ಲಿ ಏರುತ್ತದೆ ಎನ್ನುವುದೂ ಖಚಿತವಲ್ಲ. ತಾಂಜಾನಿಯಾದಲ್ಲಿ ಬೇಟೆ, ಗೆಡ್ಡೆಗೆಣಸುಗಳಿಂದ ಬದುಕುವ ಹಡ್ಜಾ ಜನರ ದಿನದ ಖರ್ಚು, ಮೈಗಾತ್ರವನ್ನು ಸರಿದೂಗಿಸಿ ನೋಡಿದರೆ, ಪಾಶ್ಚಾತ್ಯ ನಗರವಾಸಿಗಳಷ್ಟೇ ಇತ್ತು ಎಂದು ಪಾಂಟ್ಜರ್ 2012ರಲ್ಲಿ ತೋರಿಸಿದರು. ಅದರ ಅರ್ಥವೇನು ಎಂಬ ವಾದ ಇನ್ನೂ ನಡೆದಿದೆ.

ಬಳಕೆ

ತೂಕ ಇಳಿಸಲು ಮಾಪಕ ನೆರವಾಗುತ್ತದೆಯೇ? ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಜಾಕಿಚಿಚ್ ತಂಡ 471 ಜನರನ್ನು ಎರಡು ವರ್ಷ ಗಮನಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿತು. ಆಹಾರ, ವ್ಯಾಯಾಮಗಳ ಸಲಹೆಯೊಂದಿಗೆ ಮಾಪಕವನ್ನೂ ತೊಟ್ಟವರು ಸರಾಸರಿ 3.5 ಕಿಲೋ ಇಳಿಸಿದರೆ, ಮಾಪಕವಿಲ್ಲದವರು 5.9 ಕಿಲೋ ಇಳಿಸಿದ್ದರು. ಇದೊಂದೇ ಪ್ರಯೋಗದಿಂದ ಮಾಪಕವನ್ನು ತಿಪ್ಪೆಗೆಸೆಯಬೇಕಿಲ್ಲ. 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ, ಹೆಂಗಸರಲ್ಲಿ ಅರ್ಧಕ್ಕೂ ಹೆಚ್ಚು, ಸಾಕಷ್ಟು ದೈಹಿಕ ಚಟುವಟಿಕೆ ಮಾಡುತ್ತಿಲ್ಲವೆಂದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯ ಅಂದಾಜು ಹೇಳಿತ್ತು. ಅಂಥಲ್ಲಿ ಎದ್ದು ನಡೆಯಲು ನೆನಪಿಸುವ ಯಾವುದಕ್ಕೂ ಬೆಲೆಯಿದೆ. ಹೆಜ್ಜೆಯ ಎಣಿಕೆಯನ್ನು ಮಾಪಕ ಸಾಕಷ್ಟು ಚೆನ್ನಾಗಿ ಮಾಡುತ್ತದೆ. ವಿಶ್ರಾಂತಿಯ ನಾಡಿಯನ್ನೂ ಹಿಡಿಯುತ್ತದೆ. ಒಂದೇ ಗಡಿಯಾರವನ್ನು ಒಂದೇ ಕೈಗೆ ಕಟ್ಟಿಕೊಂಡರೆ ಈ ವಾರ ಕಳೆದ ವಾರಕ್ಕಿಂತ ಚುರುಕಾಗಿತ್ತೇ ಎಂದು ತಿಳಿಸುತ್ತದೆ. ಕೆಟ್ಟದಾಗಿ ಮಾಡುವ ಕೆಲಸವೆಂದರೆ ಕ್ಯಾಲರಿಯ ಲೆಕ್ಕ, ಮತ್ತು ಅಂಗಡಿಯಲ್ಲಿ ಮುಂದೆ ಮಾಡಿ ಮಾರುವುದು ಅದನ್ನೇ. ಇವತ್ತು 500 ಖರ್ಚಾಯಿತು ಎಂದು ನಂಬಿ ಮೆಸ್ಸಿನಲ್ಲಿ 500ರಷ್ಟು ಹೆಚ್ಚಿಗೆ ಉಣ್ಣುವವರಿಗೆ ನಷ್ಟ ಖಚಿತ. ಅದೇ ಅಂಕಿಯನ್ನು ನಂಬಿ ಊಟ ಕಡಿಮೆ ಮಾಡುವ ಸಣಕಲು ಹುಡುಗಿಯರಿಗೆ ಆಗುವ ಹಾನಿ ಇನ್ನೂ ದೊಡ್ಡದು. ಇನ್ಸುಲಿನ್ ತೆಗೆದುಕೊಳ್ಳುವವರಂತೂ ಗಡಿಯಾರದ ಕ್ಯಾಲರಿ ನೋಡಿ ಪ್ರಮಾಣ ಬದಲಿಸಲೇಬಾರದು. ತಿನ್ನುವುದೂ ಖರ್ಚಾಗುವುದೂ ಸರಿಹೊಂದಿದೆಯೇ ಎಂದು ತಿಳಿಯಲು ತಿಂಗಳಿಗೊಮ್ಮೆ ತೂಕ ನೋಡಿಕೊಳ್ಳುವುದು ಈಗಲೂ ಗಡಿಯಾರಕ್ಕಿಂತ ನಂಬಲರ್ಹ.

ಸಂಶೋಧಕರಿಗೆ ಬೇಕಿರುವುದು ಬೇರೆ: ಕಚ್ಚಾ ಅಂಕಿ, ಬಹಿರಂಗ ಸೂತ್ರ, ಕನಿಷ್ಠ ಒಂದು ವಾರದ ದಾಖಲೆ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ 2013ರಿಂದ 2015ರವರೆಗೆ ಲಕ್ಷಕ್ಕೂ ಹೆಚ್ಚು ಜನರ ಮಣಿಕಟ್ಟಿನಿಂದ ಇಂಥ ದಾಖಲೆ ಪಡೆದದ್ದು ಹಾಗಾಗಿಯೇ ಇಂದಿಗೂ ಬಳಕೆಯಲ್ಲಿದೆ. ಭಾರತದಲ್ಲಿ ಮಾರುವ ಕಂಪನಿಗಳು ಕನಿಷ್ಠ ಇಷ್ಟನ್ನಾದರೂ ಮಾಡಬೇಕು: ಮೂಲ ಖರ್ಚನ್ನು ಯಾವ ಸಮೀಕರಣದಿಂದ ಲೆಕ್ಕ ಹಾಕಲಾಗಿದೆ, ಅದನ್ನು ಭಾರತೀಯರ ಮೇಲೆ ಪರೀಕ್ಷಿಸಲಾಗಿದೆಯೇ ಎಂಬ ಎರಡು ಸಾಲನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಬೇಕು. ಕೊಳ್ಳುವವರು ಅದನ್ನು ಕೇಳಿ ಪಡೆಯಬೇಕು.